ಇಲ್ಲಿ ಕೇಳ್ರಿ

ದಾಸನಕೊಪ್ಪ, ಸೋಮವಾರ

ಪ್ರೀತಿಯ ಅಭಿಜ್ಞಾ ಟೀಚರಿಗೆ, ನೀಲವ್ವನ ನಮಸ್ಕಾರ.

ಇಂಗ್ಲಿಷ್ ಕ್ಲಾಸಿನಲ್ಲಿ ನೀವು ಹೇಳಿದ್ದು ನೆನಪಿದೆ: ಸದ್ದು ಕಿವಿಗೆ ಬಿದ್ದರೆ ‘ಹಿಯರ್’, ಮನಸ್ಸಿಟ್ಟು ಕೇಳಿದರೆ ‘ಲಿಸನ್’.

ನಮ್ಮಲ್ಲಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಮೂವತ್ತೆಂಟು ವರ್ಷ ಯಜಮಾನರನ್ನು “ಇಲ್ಲಿ ಕೇಳ್ರಿ” ಎಂದೇ ಕರೆದೆ. ಅವರು ಪೇಪರಿನಿಂದ ತಲೆ ಎತ್ತದೆ “ಹೂಂ, ಹೇಳ” ಅನ್ನುತ್ತಿದ್ದರು. ಅದೆಲ್ಲ ಬರೀ ಹಿಯರ್.

ಯುಗಾದಿಯಿಂದ ಅವರಿಗೆ ಕಿವಿ ಮಂದವಾಗಿದೆ. ಈಗ ನಾನು ಬಾಯಿ ತೆರೆದರೆ ಪೇಪರು ಮಡಚಿಟ್ಟು, ಎದುರಿಗೇ ಕೂತು, ನನ್ನ ತುಟಿಯನ್ನೇ ನೋಡುತ್ತಾರೆ. “ಇನ್ನೊಮ್ಮೆ ಹೇಳ, ಪೂರಾ ತಿಳೀಲಿಲ್ಲ” ಅನ್ನುತ್ತಾರೆ.

ಶಿರಸಿಯ ಶಿಬಿರದಲ್ಲಿ ಕಿವಿಯ ಮಷಿನ್ನಿಗೆ ಅವರ ಹೆಸರು ಬರೆಸಿದ್ದೀರಿ, ಉಪಕಾರವಾಯಿತು. ಆದರೆ ದಯವಿಟ್ಟು ಅದನ್ನು ಮುಂದಿನ ಶಿಬಿರಕ್ಕೆ ಹಾಕಿಸಿ. ಮದುವೆಯ ದಿನದಿಂದ ಹೇಳುತ್ತ ಬಂದ ನನ್ನ ಮಾತು ಇನ್ನೂ ಎರಡನೇ ವರ್ಷಕ್ಕೆ ಬಂದಿದೆ, ಅಷ್ಟೇ.

ನಿಮ್ಮ ಹಿಂದಿನ ಬೆಂಚಿನ
ನೀಲವ್ವ