ನೀರಿನವನ ಹಾಡಿನಲ್ಲಿ ನಿನ್ನ ಸಾಲು ನಾಲ್ಕು

ಪುಂಡಲೀಕ ಮಾಮಾ,

ನೀನಿದ್ದಾಗ ನಿನಗೆ ಒಂದು ಕಾಗದವನ್ನೂ ಬರೆದವಳಲ್ಲ ನಾನು. ಬೀದರದಿಂದ ಠಾಣಾ ಕುಶನೂರಿಗೆ ಬಸ್ಸಿದೆ, ಫೋನಿದೆ, ಕಾಗದ ಯಾಕೆ ಬೇಕಿತ್ತು? ಈಗ ಅವೆರಡೂ ನಿನ್ನ ತನಕ ಬರುವುದಿಲ್ಲ. ನೀನು ಹೋಗಿ ಹನ್ನೊಂದು ತಿಂಗಳಾಯಿತು. ನಿನಗೊಂದು ಸುದ್ದಿ ಮುಟ್ಟಿಸಬೇಕು, ಅದಕ್ಕಿಂತ ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಸಮಾಧಾನದ ಮಾತು ಬರೆಯಲು ಕೂತಿಲ್ಲ. ನನಗೇ ಸಮಾಧಾನವಿಲ್ಲ.

ಮೊದಲ ಸಲ ನಿನ್ನ ನಾಟಕ ನೋಡಿದಾಗ ನನಗೆ ಏಳು ವರ್ಷ. ಅವ್ವನ ತೊಡೆಯ ಮೇಲೆ ಕೂತಿದ್ದೆ. ರಾಜನಿಗೆ ಹದಿನಾಲ್ಕು ಹಾಡು, ರಾಣಿಗೆ ಒಂಬತ್ತು, ನಿನಗೆ ಒಂದೇ ಒಂದು. ಯುದ್ಧ ಸೋತ ರಾಜ ಅಡವಿ ಪಾಲಾದ ಮೇಲೆ, ಹೆಗಲ ಮೇಲೆ ಕೊಡ ಇಟ್ಟುಕೊಂಡು ಒಬ್ಬ ನೀರಿನವ ಬರುತ್ತಾನೆ, ಹಾಡುತ್ತಾನೆ, ರಾಜನಿಗೆ ನೀರು ಕುಡಿಸಿ ಹೊರಟು ಹೋಗುತ್ತಾನೆ. ಅವನಿಗೆ ಹೆಸರು ಕೂಡ ಇಲ್ಲ. ಆದರೆ ಮರುದಿನ ಹಿಟ್ಟಿನ ಗಿರಣಿಯ ಮುಂದೆ ಸಾಲಾಗಿ ನಿಂತ ಹೆಂಗಸರ ಬಾಯಲ್ಲಿ ಇದ್ದದ್ದು ನಿನ್ನ ಹಾಡು:

ಹೆಗಲ ಮ್ಯಾಲ ಹೊಳಿ ಹೊತ್ತೀನಿ ದೊರಿಯೇ
ಒಂದ ಹನಿ ಚೆಲ್ಲಿಲ್ಲ ನೋಡ
ನಿನ್ನ ನೀರಡಿಕಿ ದೊಡ್ಡದೇನ
ನನ್ನ ಹಾದಿ ದೊಡ್ಡದೇನ, ಹೇಳ

ರಾಜನ ಹದಿನಾಲ್ಕು ಹಾಡಿನಲ್ಲಿ ಒಂದಾದರೂ ಇವತ್ತು ಯಾರಿಗೆ ನೆನಪಿದೆ?

ಕಾಲೇಜಿಗೆ ಸೇರಿದ ವರ್ಷ, ನಿನ್ನ ಮನೆಯ ಕಟ್ಟೆಯ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಾ ಕೇಳಿದ್ದೆ, "ನಿನ್ನ ಹಾಡ ಎಷ್ಟ ಉದ್ದ ಅದ ಮಾಮಾ?" ನೀನು ತಲೆ ಎತ್ತದೆ ಹೇಳಿದೆ, "ರಾಜಾ ಎಷ್ಟ ದಪ್ಪ ಇರ್ತಾನ, ಅಷ್ಟ ಉದ್ದ." ಆಮೇಲೆ ಬಿಡಿಸಿ ಹೇಳಿದೆ. ಸೋತ ರಾಜ ಒಳಗೆ ಹೋಗಿ ಕಿರೀಟ, ಅಂಗಿ, ನಡುಪಟ್ಟಿ ಎಲ್ಲ ಕಳಚಿ ಹರಕು ಬಟ್ಟೆ ಉಡಬೇಕು. ಅವನು ತಯಾರಾಗುವ ತನಕ ಜನ ಏಳದಂತೆ ಹಿಡಿಯಬೇಕು. ನೀರಿನವನನ್ನು ನಾಟಕದಲ್ಲಿ ಇಟ್ಟದ್ದೇ ಅದಕ್ಕೆ. ಪರದೆಯ ಹಿಂದೆ ನಾಟಕ ಕಲಿಸುವ ಮಾಸ್ತರರು ಗಂಟೆ ಬಾರಿಸಿದರೆ ರಾಜ ತಯಾರು, ಹಾಡು ಬಂದ್. ಗಂಟೆ ಬೀಳದಿದ್ದರೆ ಇನ್ನೊಂದು ನುಡಿ, ಮತ್ತೊಂದು ನುಡಿ. ಮೊದಲ ನಾಲ್ಕು ಸಾಲು ಡಾಬಕಾದ ಒಬ್ಬ ಮುದುಕ ನಿನಗೆ ಕಲಿಸಿದ್ದು. ಮುಂದಿನದೆಲ್ಲ ನೀನು ನಿಂತ ಜಾಗದಲ್ಲೇ ಕಟ್ಟುತ್ತಿದ್ದದ್ದು. ಮಾಸ್ತರರ ವಹಿಯಲ್ಲಿ ರಾಜನ ಹಾಡುಗಳು ರಾಗ, ತಾಳದ ಸಮೇತ ಕೆಂಪು ಶಾಯಿಯಲ್ಲಿದ್ದವು. ನಿನ್ನ ಜಾಗದಲ್ಲಿ ಮೂರು ಪದ: "ಇಲ್ಲಿ ನೀರಿನವನ ಹಾಡು." ಸಣ್ಣ ಪಾತ್ರದವರು ತಮ್ಮ ಹಾಡು ತಾವೇ ತರಬೇಕು, ಅದೇ ಪದ್ಧತಿ. ಸೇವಕ ತನ್ನದು ತರುತ್ತಿದ್ದ, ಹುಚ್ಚ ತನ್ನದು ತರುತ್ತಿದ್ದ. ಯಾರದೂ ಬರೆದಿಟ್ಟಿಲ್ಲ.

ಅದೇ ದಿನ ಅತ್ತಿ ಒಳಗಿನಿಂದ ಕೂಗಿ ಹೇಳಿದ್ದಳು, "ಕೊಡದ ಸುದ್ದಿನೂ ಹೇಳ್ರಿ, ಮುಚ್ಚಿ ಇಡಬ್ಯಾಡ್ರಿ." ನೀನು ನಕ್ಕೆ. ಆ ಕೊಡದಲ್ಲಿ ಎಂದೂ ನೀರು ಇರಲಿಲ್ಲ. ರಾಜನ ಪಾತ್ರ ಮಾಡುತ್ತಿದ್ದವರು ಊರಿನ ದೊಡ್ಡ ಮನೆಯವರು. ನೀನು ಬಗ್ಗಿಸಿದ ಖಾಲಿ ಕೊಡಕ್ಕೆ ಅವರು ಬೊಗಸೆ ಒಡ್ಡಿ, ಕುಡಿದಂತೆ ಗಂಟಲು ಆಡಿಸುತ್ತಿದ್ದರು. "ನೀರ ಹಾಕಿದ್ರ ಬಟ್ಟಿ ತೊಯ್ತಾವ, ಪುಂಡಲೀಕ" ಎಂದು ಹೇಳುತ್ತಿದ್ದರಂತೆ. ಬಟ್ಟೆ ತೊಯ್ಯುವುದಕ್ಕೆ ಹೆದರಿದ್ದರಾ ಅವರು? ನಮ್ಮ ಓಣಿಯವನ ಕೈನೀರಿಗೆ ಹೆದರಿದ್ದರು. ನನ್ನ ಮೈ ಉರಿಯಿತು. "ಹಂಗಿದ್ರೂ ಹಾಡಿದಿಯಲ್ಲ ಮಾಮಾ!" ಅಂದೆ. ನೀನು ತೊಗರಿ ಸಿಪ್ಪೆ ಝಾಡಿಸಿ ಎದ್ದು ಹೋದೆ.

ಹೋದ ವರ್ಷ ಆ ನಾಟಕವನ್ನೇ ಹೊಸದಾಗಿ ಆಡಿಸುತ್ತೇನೆಂದು ಹೊರಟಾಗ ನನ್ನ ತಲೆಯ ತುಂಬ ಈ ಉರಿಯೇ ಇತ್ತು. ನಾನು ಓದಿದ್ದೇನು, ನಿನಗೆ ಗೊತ್ತು. ಬೀದರದ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಕೆಲಸ. ಅಲ್ಲಿ ಅಚ್ಚಾಗುವ ಕರಪತ್ರಗಳಲ್ಲಿ ಶಾಯಿ ಹರಡಿ ಕೆಟ್ಟ ಪ್ರತಿಗಳನ್ನು ಮನೆಗೆ ತಂದು ಓದುತ್ತಿದ್ದೆ. ಬೆಲೆ ಏರಿಕೆಯದ್ದು, ಭೂಮಿಯದ್ದು, ಕೂಲಿಯದ್ದು, ಕೆರೆಯ ನೀರಿನದ್ದು. ಒಂದು ಹಾಳೆಯಲ್ಲಿ ಜಗತ್ತಿನ ತಪ್ಪೆಲ್ಲ ಹಿಡಿಸುತ್ತದೆ, ಮಾಮಾ. ಆ ರುಚಿ ಹತ್ತಿದ ಮೇಲೆ ದೊಡ್ಡ ಪುಸ್ತಕ ನಿಧಾನ ಅನಿಸುತ್ತದೆ. ಆ ಹಾಳೆಗಳಲ್ಲಿ ಇದ್ದದ್ದು ಸುಳ್ಳೆಂದು ಇವತ್ತಿಗೂ ನಾನು ಹೇಳುವುದಿಲ್ಲ. ಬೀದರದ ಮೈಲೂರಿನಲ್ಲಿರುವ ನನ್ನ ಕೋಣೆಯ ಪಕ್ಕದ ಖಾಲಿ ಜಾಗದಲ್ಲಿ ತಾಲೀಮು ಶುರುವಾಯಿತು. ಪೇಟಿ ಬಾರಿಸಲು ಹಳೆಯ ಮಾಸ್ತರರೇ ಬಂದರು. ನೀನು ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

ನಾಲ್ಕನೆಯ ದಿನ ವಹಿ ತೆಗೆದು, ಎಲ್ಲರ ಎದುರು, ಆ ಮೂರು ಪದಗಳ ಮೇಲೆ ಗೀಟು ಎಳೆದೆ. "ಈ ಹಾಡ ಬ್ಯಾಡ. ಗುಲಾಮಗಿರಿ ಹಾಡದು. ಬರೀ ಕೊಡ ಹೊರಸಿದ ಮಂದಿಗಿ ನಾವ ಯಾಕ ಇನ್ನಾ ನೀರ ಹೊರಬೇಕು?"

ಮಾಸ್ತರರು ಪೇಟಿ ಮುಚ್ಚಿದರು. "ತಂಗಿ, ಮಂದಿ ಬರೋದೇ ಆ ಹಾಡಿಗಿ."

"ಅದಕ್ಕೇ ಬ್ಯಾಡ ಮಾಸ್ತರ್ರೀ. ದೊರಿಯೇ, ದೊರಿಯೇ ಅಂತ ಕೇಳಿ ಕೇಳಿ ಮಂದಿ ಕೆಟ್ಟಾರ."

ನೀನು ನನ್ನ ಕಡೆ ನೋಡಿ ನಗಲು ಪ್ರಯತ್ನಿಸಿದೆ. "ಆಯ್ತವ್ವಾ, ನೀ ಓದಿದಾಕಿ. ಆದ್ರ ಕೊಯ್ಯೋಕ ಮೊದಲ ಒಮ್ಮೆ ಕೇಳ್ತಾರ. ಕುರಿನ್ನೂ ಕೇಳ್ತಾರ, ತಲಿ ಮ್ಯಾಲ ನೀರ ಹಾಕಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆಗ ನೀನು ಸಣ್ಣ ದನಿಯಲ್ಲಿ, ನನಗಷ್ಟೇ ಕೇಳುವಂತೆ ಹೇಳಿದ ಮಾತು: "ಅಷ್ಟೊತ್ತು ಊರೆಲ್ಲಾ ನನ್ನ ಕಡಿ ನೋಡ್ತಿತ್ತು ಮಗಳ." ಅದಕ್ಕೆ ನಾನು ಏನು ಉತ್ತರ ಕೊಟ್ಟೆ? ಮುಂದಿನ ದೃಶ್ಯ ಅಂದೆ. ಮುಂದಿನ ದೃಶ್ಯ, ಬೇಗ ಬೇಗ...

ಬೀದರದಲ್ಲಿ ಪ್ರಯೋಗವಾದ ಸಂಜೆ ನೀನು ಗುಂಪಿನ ಹಿಂದಿನ ಸಾಲಿನಲ್ಲಿದ್ದೆ. ನಿನಗೆ ನಾನು ಕೊಟ್ಟದ್ದು ಎರಡು ಘೋಷಣೆ. ಎರಡನ್ನೂ ಸರಿಯಾದ ಹೊತ್ತಿಗೆ ಕೂಗಿದೆ, ಕೈ ಎತ್ತು ಎಂದಲ್ಲಿ ಕೈ ಎತ್ತಿದೆ. ಮುಗಿದ ಮೇಲೆ ಔರಾದ ಕಡೆಯ ಒಬ್ಬ ಮುದುಕ ನನ್ನ ಹತ್ತಿರ ಬಂದು, "ಎಲ್ಲಾ ಛಲೋ ಆಯ್ತು ತಂಗಿ, ನೀರಿನಾಂವ ಬರಲೇ ಇಲ್ಲಲ್ಲ?" ಎಂದ. ಅವನಿಗೆ ನಾನು ಹತ್ತು ನಿಮಿಷ ಭಾಷಣ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು, "ಹೌದ್ರಿ, ಖರೇ ಅದ. ಆದ್ರ ಬರಬೇಕಾಗಿತ್ತು" ಎಂದು ಹೋದ. ನೀನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ. ನಿನಗೆ ಕೇಳಿಸಿತ್ತು. ನಿನಗೆ ಕೇಳಿಸಿದ್ದು ನನಗೆ ಗೊತ್ತಿತ್ತು.

ಅದಾಗಿ ಹನ್ನೆರಡು ದಿನಕ್ಕೆ ಔರಾದ ಆಸ್ಪತ್ರೆಯಲ್ಲಿ ನಿನ್ನನ್ನು ನೋಡಿದೆ. ಹೊಲದಲ್ಲೇ ಎದೆ ಹಿಡಿದುಕೊಂಡು ಕೂತೆಯಂತೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನಿನ್ನ ಕಾಲ ಮೇಲೆ ಬಿದ್ದಿತ್ತು. ಅಂಗಾಲು ಬಿಳಿಚಿದ್ದವು, ಮೂಗಿನ ಮೇಲೆ ಮಾಸ್ಕು. ಬದುಕುವುದಿಲ್ಲವೆಂದು ಡಾಕ್ಟರರು ಅತ್ತಿಗೆ ಹೇಳಿಬಿಟ್ಟಿದ್ದರು. ಆಗ ನಾನು ಮಾಡಿದ ಕೆಲಸವನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಅತ್ತಿ ಔಷಧಿ ತರಲು ಹೋದಾಗ ಫೋನಿನಲ್ಲಿ ರೆಕಾರ್ಡ್ ಒತ್ತಿ ನಿನ್ನ ಬಾಯಿಯ ಹತ್ತಿರ ಹಿಡಿದೆ. "ಮಾಮಾ, ಎರಡನೇ ನುಡಿ ಹೇಳ. ಒಂದ ನುಡಿ ಸಾಕು." ಸಾಯುವ ಮನುಷ್ಯನಿಗೆ ಹಾಡು ಅಂದೆ! ತಾಲೀಮಿನಲ್ಲಿ ಕೇಳಲು ಹೊತ್ತಿಲ್ಲದವಳು... ನೀನು ಕಣ್ಣು ತೆರೆದೆ. ಮಾಸ್ಕನ್ನು ಎರಡು ಬೆರಳಿನಿಂದ ಬದಿಗೆ ಸರಿಸಿ ಹೇಳಿದೆ, "ರಾಜಾ ಇನ್ನಾ ತಯಾರಾಗಿಲ್ಲೇನು?"

ಅಷ್ಟೇ. ನನ್ನ ಫೋನಿನಲ್ಲಿರುವ ನಿನ್ನ ದನಿ ಅಷ್ಟೇ. ಅದು ತಮಾಷೆಯೋ, ಬೈಗುಳವೋ, ನಿನಗೆ ನಿಜವಾಗಿಯೂ ಪರದೆ ಕಾಣಿಸುತ್ತಿತ್ತೋ?

ಮಣ್ಣು ಮಾಡಿದ ಮರುವಾರ ನಾನು ಭಾಲ್ಕಿಗೆ ಹೋದೆ, ನಿನ್ನ ಹಾಡಿಗೆ ತಬಲಾ ಹಿಡಿಯುತ್ತಿದ್ದವರನ್ನು ಹುಡುಕಿಕೊಂಡು. ಅವರೀಗ ಸೈಕಲ್ ರಿಪೇರಿ ಮಾಡುತ್ತಾರೆ. ಮೊದಲ ನಾಲ್ಕು ಸಾಲು ಥಟ್ಟನೆ ಹೇಳಿದರು. ಮುಂದೆ? "ಒಮ್ಮೆ ರಾಜನ ಪಾರ್ಟ್ ಮಾಡೋ ಸಾವ್ಕಾರ್ರ ನಡುಪಟ್ಟಿ ಬಿಚ್ಚಲಿಲ್ರಿ. ನಿಮ್ಮ ಮಾಮಾ ಅದರ ಮ್ಯಾಲೇ ನುಡಿ ಕಟ್ಟಿದ. ರಾಜ್ಯ ಬಿಟ್ರೂ ಪಟ್ಟಿ ಬಿಡವಲ್ದು ಅಂತ. ಮಂದಿ ಬಿದ್ದ ಬಿದ್ದ ನಕ್ರು, ಒಳಗಿಂದ ಸಾವ್ಕಾರ್ರು ಬೈಲಿಕ್ಕ ಹತ್ತಿದ್ರು." ಆ ನುಡಿ ಪೂರ್ತಿ ಹೇಳಿ ಅಂದೆ. "ಅದು ಅವತ್ತಿಂದು ತಂಗಿ. ಅವತ್ತೇ ಮುಗೀತು" ಅಂದರು. ಡಾಬಕಾದಲ್ಲಿ ಒಬ್ಬ ಮುದುಕಿ, ನಿನಗೆ ಹಾಡು ಕಲಿಸಿದವನ ಸೊಸೆ, ಬಾಣಂತಿಯೊಬ್ಬಳು ನೀರು ಕೇಳುವ ನುಡಿ ಇತ್ತೆಂದಳು. ಅವಳಿಗೂ ಧಾಟಿ ನೆನಪು, ಮಾತು ಇಲ್ಲ. ನಾನು ಆ ಹಾಡಿನಲ್ಲಿ ಬಂಡಾಯ ಹುಡುಕುತ್ತಿದ್ದೆ, ಮಾಮಾ. ಸಿಕ್ಕಿದ್ದರೆ ನನ್ನ ತಪ್ಪು ದೊಡ್ಡದಾಗುತ್ತಿತ್ತು, ಆದರೆ ನನ್ನ ಓದಿಗೆ ಹೊಂದುತ್ತಿತ್ತು. ಮೆರವಣಿಗೆಯಲ್ಲಿ ಕೂಗುವಂಥದ್ದು ಏನೂ ಸಿಗಲಿಲ್ಲ. ಎದುರಿಗೆ ಕೂತ ಜನರನ್ನು ನೋಡುತ್ತಾ ಒಬ್ಬ ಮನುಷ್ಯ ಹೊತ್ತಿಗೆ ತಕ್ಕಂತೆ ಆಡಿದ ಮಾತು, ಅಷ್ಟೇ ಇದ್ದದ್ದು. ಅದನ್ನು ಕೊಲ್ಲಲು ನನಗೆ ಯಾವ ಕರಪತ್ರ ಹೇಳಿತ್ತು?

ಎರಡನೆಯ ಪ್ರಯೋಗ ಔರಾದಿನಲ್ಲಿ ಗೊತ್ತಾದಾಗ ನೀರಿನವನನ್ನು ಮತ್ತೆ ತಂದೆ. ನಮ್ಮ ಬಳಗದಲ್ಲಿ ಆಟೋ ಓಡಿಸುವ ಒಬ್ಬನಿಗೆ ದನಿಯಿತ್ತು, ನಿಂತಲ್ಲೇ ನುಡಿ ಕಟ್ಟಲು ಬರುತ್ತಿರಲಿಲ್ಲ. "ನಾಕ ಸಾಲಿನ್ಯಾಗ ರಾಜನ ಬಟ್ಟಿ ಬದಲಾಗಂಗಿಲ್ಲಕ್ಕ, ನೀವೇ ಬರೀರಿ" ಎಂದ. ನಾನು ಎರಡು ನುಡಿ ಬರೆದೆ. "ಕೆರಿ ನಿಮ್ಮಪ್ಪಂದಲ್ಲ ದೊರಿಯೇ" ಎಂಬ ಸಾಲು ಬಂದಾಗ ಜನ ಎದ್ದು ನಿಂತು ಸಿಳ್ಳೆ ಹೊಡೆದರು. ನೀನು ಜನ್ಮದಲ್ಲಿ ಆ ಸಾಲು ಹಾಡುತ್ತಿರಲಿಲ್ಲ. ನೀನಿದ್ದರೆ ಅಲ್ಲಿ ಕೂತ ಯಾರದೋ ಹೊಟ್ಟೆಯ ಮೇಲೆ, ಯಾರದೋ ಮೀಸೆಯ ಮೇಲೆ ಒಂದು ಮಾತು ಬೀಳುತ್ತಿತ್ತು. ನೀನು ಪ್ರತಿ ಸಲ ಬೇರೆ ಹಾಡಿದೆ. ನಾನು ಒಮ್ಮೆ ಬರೆದು ಗಟ್ಟಿ ಮಾಡಿಬಿಟ್ಟೆ.

ಹೋದ ತಿಂಗಳು ಔರಾದಿನ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳು ಅದನ್ನು ಹಾಡಿದರು. ಅತ್ತಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. "ನಮ್ಮ ತಾಲ್ಲೂಕಿನ ಹೆಮ್ಮೆಯ ಕಲಾವಿದ ಪುಂಡಲೀಕ ಅವರು ಹಾಡಿಕೊಂಡು ಬಂದ ಹಾಡು" ಎಂದು ಹೆಡ್‌ಮಾಸ್ತರರು ಮೈಕಿನಲ್ಲಿ ಹೇಳಿದರು. ನಾನು ಎದ್ದು ನಿಂತು, ನಾಲ್ಕು ಸಾಲು ಮಾತ್ರ ಅವರು ಹಾಡಿದ್ದು, ಉಳಿದದ್ದು ನಾನು ಬರೆದದ್ದು ಅಂದೆ. ಹೆಡ್‌ಮಾಸ್ತರರು ನಕ್ಕು, "ಕುಂದ್ರು ತಂಗಿ, ಯಾರ ಬರದ್ರೇನು, ಹೆಸರು ಅವರದೇ ಉಳೀತಲ್ಲ" ಎಂದರು. ಚಪ್ಪಾಳೆ ಬಿತ್ತು. ನಾನು ಕೂತೆ. ಬಸ್ಸು ಹತ್ತುವ ಮೊದಲು ಅತ್ತಿ ಶಾಲನ್ನು ಮಡಚಿ ಚೀಲಕ್ಕೆ ತುರುಕಿ ಹೇಳಿದಳು, "ಛಂದ ಬರದಿ ನೀ. ಆದ್ರ ಇವರು ಹಾಡೋದು ಕೇಳಿ, ಅವರು ಏನ ಹಾಡ್ತಿದ್ರು ಅಂಬೋದು ನನಗೂ ಮರೀಲಿಕ್ಕ ಹತ್ಯಾದ." ಗಂಡನ ದನಿಯನ್ನು ಮೂವತ್ತು ವರ್ಷ ಕೇಳಿದವಳ ಕಿವಿಯಿಂದಲೂ ನಾನು ನಿನ್ನನ್ನು ಅಳಿಸುತ್ತಿದ್ದೇನೆ.

ಈಗ ಸುದ್ದಿ ಕೇಳು. ನಿನ್ನ ಹಾಡು ಉಳಿದಿದೆ. ಮದುವೆ ಪೆಂಡಾಲುಗಳಲ್ಲಿ, ಮೊಬೈಲುಗಳಲ್ಲಿ, ಬುದ್ಧ ವಿಹಾರದ ಕಾರ್ಯಕ್ರಮಗಳಲ್ಲಿ ಇದೆ. ಅದರಲ್ಲಿ ನೀನು ನಾಲ್ಕು ಸಾಲು, ನಾನು ಎಂಟು ಸಾಲು, ಹೆಸರು ನಿನ್ನದು. ನನ್ನ ಎಂಟನ್ನು ಕಿತ್ತು ಹಾಕಲು ನೋಡಿದೆ. ಬಳಗದವರು ಒಪ್ಪಲಿಲ್ಲ. ಒಪ್ಪಿದ್ದರೂ ಏನು? ಔರಾದಿನ ಮಕ್ಕಳ ಬಾಯಿಂದ ಅದನ್ನು ಹೇಗೆ ಕೀಳಲಿ?

ಕಳೆದ ಭಾನುವಾರ ಭಾಲ್ಕಿಯಲ್ಲಿ ಆಟವಿತ್ತು. ನೀರಿನವನು ಬರುವ ಮೊದಲು ನಾನೇ ಮುಂದೆ ಹೋಗಿ ನಿಂತೆ. "ಈ ಹಾಡಿನ ಮೊದಲ ನಾಲ್ಕು ಸಾಲು ಠಾಣಾ ಕುಶನೂರಿನ ಪುಂಡಲೀಕ ಅವರು ಹಾಡಿದವು. ಅವರ ಹಾಡನ್ನು ಈ ನಾಟಕದಿಂದ ತೆಗೆದು ಹಾಕಿದವಳು ನಾನು. ಅವರು ಸತ್ತ ಮೇಲೆ ಉಳಿದ ಸಾಲುಗಳನ್ನು ಅವರನ್ನು ಕೇಳದೆ ಬರೆದವಳೂ ನಾನು." ಹಿಂದಿನಿಂದ ಯಾರೋ, "ಹಾಡ ಹಚ್ಚ್ರಿ, ಭಾಷಣ ಬ್ಯಾಡ!" ಎಂದು ಕೂಗಿದ. ಇನ್ನೊಬ್ಬ ಚಪ್ಪಲಿ ತೋರಿಸಿದ. ನಾನು ಮೊದಲಿನಿಂದ ಮತ್ತೊಮ್ಮೆ ಹೇಳಿದೆ, ಕೊನೆಯ ಪದದ ತನಕ. ಮುಂದಿನ ಆಟ ಬೀದರದಲ್ಲಿ, ಅದರ ಮುಂದಿನದು ಡಾಬಕಾದಲ್ಲಿ. ಎರಡೂ ಕಡೆ ಹೇಳುತ್ತೇನೆ, ಅವುಗಳ ನಂತರವೂ ಹೇಳುತ್ತೇನೆ. ನಾನು ಹೇಳಿ ಮುಗಿಸದೆ ಸ್ವರ ಹಿಡಿಯುವುದಿಲ್ಲವೆಂದು ಪೇಟಿ ಮಾಸ್ತರರು ಮಾತು ಕೊಟ್ಟಿದ್ದಾರೆ.

ನಿನ್ನ ತಂಗಿಯ ಮಗಳು