ಕಡ್ಡಿಯಿಲ್ಲದ ಬಂದೂಕು

ಕ್ಯಾನಿ ಬೆಂಡ್, ಅರ್ಕಾನ್ಸಾ
ಡಿಸೆಂಬರ್ ೯, ಮಂಗಳವಾರ

ಮುದ್ದಿನ ಮಗಳು ರೊಂಡಾಗೆ,

ಮಿಸಿಸಿಪಿ ನದಿಯ ಎರಡೂ ದಡಗಳಲ್ಲಿ ನಿನ್ನ ಈ ಆರ್ವಿಲ್ ಚಿಕ್ಕಪ್ಪನಂಥ ಗುರಿಕಾರ ಇನ್ನೊಬ್ಬನಿಲ್ಲ. ಕೆನಡಾದ ಬಾತುಗಳು ಚಳಿಗೆ ಇತ್ತ ಹೊರಡುವ ಮುನ್ನ ಮುದುಕ ಬದುಕಿದ್ದಾನೋ ಸತ್ತನೋ ಎಂದು ವಿಚಾರಿಸಿಕೊಂಡೇ ರೆಕ್ಕೆ ಬಿಚ್ಚುತ್ತವೆ. ನೀನು ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಎಣ್ಣೆ ಸಿಡಿದು ಸುಟ್ಟಿದ್ದ ಕೈ ವಾಸಿಯಾಯಿತೇ? ಅಷ್ಟು ಜನ ಗಂಡಸರಿಗೆ ಬೇಯಿಸಿ ಹಾಕುವ ಭರದಲ್ಲಿ ನೀನು ಉಪವಾಸ ಬೀಳಬೇಡ. ನಾನು ಇದ್ದೇನೆ. ಮಂಡಿ ಎರಡೂ ನನ್ನ ಮಾತು ಕೇಳುವುದನ್ನು ಬಿಟ್ಟಿವೆ. ಸೊಂಟದುದ್ದ ನೀರಲ್ಲಿ ಮರಕ್ಕೆ ಒರಗಿ ನಿಂತರೆ ಬಾತು ಬರುವ ಮೊದಲು ನಿದ್ದೆ ಬರುತ್ತದೆ.

ಈ ಕ್ರಿಸ್ಮಸ್ಸಿಗೆ ಬಂದಾಗ ಮೂರು ಪಂಪ್ ಬಂದೂಕುಗಳಲ್ಲಿ ಯಾವುದನ್ನು ಹಿಡಿಯಲಿ ಎಂದು ನೀನು ಕೇಳಿದ್ದೆ. ಹೇಳುತ್ತೇನೆ. ಆದರೆ ಮೊದಲೇ ತಿಳಿದಿರಲಿ, ನಿನ್ನಪ್ಪ ನಿನಗೆಂದು ಬಿಟ್ಟುಹೋದ ಬಂದೂಕು ಸದ್ಯಕ್ಕೆ ಮನೆಯಲ್ಲಿಲ್ಲ. ಬೇಟೆ ಇಲಾಖೆಯ ಟಕರ್ ಹುಡುಗ ಒಯ್ದಿದ್ದಾನೆ. ನೀನು ಬರುವುದರೊಳಗೆ ಬಿಡಿಸಿ ತರಬೇಕು, ಅದೊಂದೇ ಚಿಂತೆ ನನಗೀಗ.

ತಪ್ಪು ನಿನ್ನದೇ ಅನ್ನಬೇಕು. ನೀನು ಕೇಳಿದ್ದಕ್ಕೇ ನಾನು ಮೂರನ್ನೂ ಹಿತ್ತಲಲ್ಲಿ ಪರೀಕ್ಷೆಗೆ ಕೂರಿಸಿದ್ದು. ನನ್ನ ಉಕ್ಕಿನ ಭಾರದ್ದು ಇದೆಯಲ್ಲ, ಅದರ ಮುಂದಿನ ಹಿಡಿ ಎಳೆದರೆ ಬೆಣ್ಣೆಯಲ್ಲಿ ಬೆರಳು ಜಾರಿದ ಹಾಗೆ. ಒದೆತವೇ ಇಲ್ಲ. ಆದರೆ ಕೆಸರಿನಲ್ಲಿ ಹೊತ್ತು ನಡೆದರೆ ಭುಜ ಕಳಚಿ ಬೀಳುತ್ತದೆ. ಇನ್ನೊಂದು ಹಗುರದ್ದು. ಸೇಫ್ಟಿ ಗುಂಡಿ ಬಂದೂಕಿನ ಬೆನ್ನ ಮೇಲೆ, ಹೆಬ್ಬೆರಳಿಗೇ ಸಿಗುತ್ತದೆ. ದಪ್ಪ ಕೈಗವಸು ಹಾಕಿದ್ದರೂ ತಡಕಾಡಬೇಕಿಲ್ಲ. ಆದರೆ ಒದ್ದರೆ ಹೇಸರಗತ್ತೆ, ಹಿಡಿ ಅಲ್ಲಾಡಿದರೆ ಗಲಗಲ ಸದ್ದು. ನಿನ್ನಪ್ಪನದು ಖಾಲಿ ತೋಟಾಗಳನ್ನು ಪಕ್ಕಕ್ಕೆ ಎಸೆಯುವುದಿಲ್ಲ, ಕೆಳಗೆ ಉದುರಿಸುತ್ತದೆ. ನೀನು ಎಡಚಿ, ಬೇರೆ ಬಂದೂಕಾದರೆ ಬಿಸಿ ತೋಟಾ ನಿನ್ನ ಮೂಗಿನ ಮುಂದೆಯೇ ಹಾರುತ್ತದೆ. ನಿನಗೆ ಅದೇ ಸರಿ. ಹಾಲಿಸ್ ಅಣ್ಣ ಸುಮ್ಮನೆ ಅದನ್ನು ನಿನ್ನ ಹೆಸರಿಗೆ ಇಟ್ಟವನಲ್ಲ.

ಪರೀಕ್ಷೆಗೆ ಎಲ್ಲದರಲ್ಲೂ ಐದೈದು ತೋಟಾ ಹಿಡಿಯಲೆಂದು ಮೂರರ ತೋಟಾ ತುಂಬುವ ಕೊಳವೆಯೊಳಗಿನ ಮರದ ಕಡ್ಡಿಯನ್ನೂ ತೆಗೆದಿದ್ದೆ. ಡಬ್ಬಕ್ಕೆ ಹೊಡೆಯುವಾಗ ಯಾರು ಕೇಳುತ್ತಾರೆ? ಬಾತಿಗೆ ಹೊರಟಾಗ ಮಾತ್ರ ಕಡ್ಡಿ ಇರಲೇಬೇಕು, ಕೊಳವೆಗೆ ಎರಡಕ್ಕಿಂತ ಹೆಚ್ಚು ತೋಟಾ ಇಳಿಯಕೂಡದು ಎಂದು ಕಾನೂನು. ನನ್ನವೆರಡಕ್ಕೂ ವಾಪಸು ಹಾಕಿದೆ. ನಿನ್ನಪ್ಪ ಹಿಕರಿ ಮರದಲ್ಲಿ ಕೆತ್ತಿದ್ದ ಕಡ್ಡಿಯನ್ನು ವೆಲ್ಮಾ ಚಿಕ್ಕಮ್ಮ ಅಡುಗೆಮನೆಯ ಕಿಟಕಿಯ ಗಾಜು ಕೆಳಗೆ ಜಾರದಂತೆ ಆಸರೆಗೆ ನಿಲ್ಲಿಸಿದ್ದಳು. ನಾನು ನೋಡಲಿಲ್ಲ. ನಿನಗೆ ಕೊಡುವ ಮೊದಲು ನೀರಲ್ಲೊಮ್ಮೆ ನೋಡೋಣವೆಂದು ಆ ಬಂದೂಕನ್ನೇ ಎತ್ತಿಕೊಂಡು ಹೊರಟುಬಿಟ್ಟೆ.

ಎರಡು ಹಸಿರುತಲೆ ಗಂಡುಬಾತು ಬಿದ್ದಿದ್ದವು. ಟಕರ್ ದೋಣಿ ತಂದು ಪಕ್ಕಕ್ಕೆ ನಿಲ್ಲಿಸಿ, ಬಂದೂಕು ಇಸಕೊಂಡು, ಒಂದೊಂದೇ ತೋಟಾ ತಳ್ಳಿ ನೋಡಿದ. "ಅಜ್ಜಾ, ಮೂರನೇದನ್ನೂ ನುಂಗ್ತಲ್ಲ ಇದು!" ಅಂದ. "ಪಾಪ, ಬೆಳಗ್ಗೆಯಿಂದ ಅದೂ ಏನೂ ತಿಂದಿಲ್ಲ ಕಣಪ್ಪ" ಅಂದೆ. ನಗಲಿಲ್ಲ ಮಗಳೇ ಅವನು. "ಚರ್ಚಲ್ಲಿ ಸಿಕ್ಕಾಗ ನಗ್ತೀನಿ. ಈಗ ಬಾತೂ ಕೊಡಿ, ಬಂದೂಕೂ ಕೊಡಿ" ಅಂದ. ಹಾಲಿಸನದು ಕಣೋ, ಅವನ ಮಗಳದು ಅಂದೆ. "ಅದಕ್ಕೇ ಬೇಜಾರು. ಶುಕ್ರವಾರ ಕೋರ್ಟಿಗೆ ಬಂದು ದಂಡ ಕಟ್ಟಿ, ತಗೊಂಡ್ಹೋಗಿ" ಅಂದು ರಸೀದಿ ಹರಿದ. ಬರಿಗೈಯಲ್ಲಿ ಹುಟ್ಟು ಹಾಕಿಕೊಂಡು ಮನೆಗೆ ಬಂದೆ. ಆ ನೀರಿನ ದಾರಿ ಅಷ್ಟು ಉದ್ದ ಎಂದೂ ಅನ್ನಿಸಿರಲಿಲ್ಲ.

ದಂಡವೇನು, ಪುಡಿಗಾಸು. ನೀನು ತಲೆ ಕೆಡಿಸಿಕೊಳ್ಳಬೇಡ. ಅಂದಹಾಗೆ ನನ್ನವೆರಡನ್ನೂ ಪೇಟೆಯ ಅಂಗಡಿಗೆ ಮಾರಿಬಿಡುತ್ತಿದ್ದೇನೆ. ಭುಜ ಸೋತಿದೆ. ಬೆಳಕು ಹರಿಯುವ ಮೊದಲೇ ಜಾಗ ಹಿಡಿಯಲು ಹುಡುಗರ ಜತೆ ಪೈಪೋಟಿಗೆ ದೋಣಿ ಓಡಿಸುವ ವಯಸ್ಸು ನನ್ನದಲ್ಲ. ನೀನು ಹೊಡೆ, ನಾನು ಕೂತು ಪೀಪಿ ಊದಿ ಬಾತು ಕರೆಯುತ್ತೇನೆ. ಅದರಲ್ಲಂತೂ ನನ್ನನ್ನು ಮೀರಿಸುವವರಿಲ್ಲ.

ನದಿ ನಿನ್ನನ್ನು ಜೋಪಾನವಾಗಿ ದಡ ಮುಟ್ಟಿಸಲಿ. ಚಿಕ್ಕಮ್ಮ ಪೆಕಾನ್ ಸುಲಿದು ಡಬ್ಬಿ ತುಂಬಿಸಿಟ್ಟಿದ್ದಾಳೆ, ನೀನು ಬಂದ ಮೇಲೇ ಕಡುಬಂತೆ.

ನಿನ್ನ ಚಿಕ್ಕಪ್ಪ,
ಆರ್ವಿಲ್

ಆಮೇಲೆ ಬರೆದದ್ದು: ಕಾಗದ ಅಂಟಿಸದೆ ಶುಕ್ರವಾರದವರೆಗೂ ಇಟ್ಟುಕೊಂಡೆ. ಬಂದೂಕು ಬಂತು ಮಗಳೇ. ಎಣ್ಣೆ ಹಾಕಿ ಒರೆಸಿ ಬಾಗಿಲ ಹಿಂದೆ ನಿಲ್ಲಿಸಿದ್ದೇನೆ, ಒಂದು ಗೀರೂ ಇಲ್ಲ. ಚಿಕ್ಕಮ್ಮ ಮೇಲಿನದೆಲ್ಲ ಓದಿ, "ಪುಡಿಗಾಸಂತೆ! ಆ ಹುಡುಗಿಗೆ ನಿಜ ಬರೀರಿ, ಇಲ್ಲಾಂದ್ರೆ ಅಂಚೆಚೀಟಿ ಕೊಡಲ್ಲ" ಎಂದು ತಲೆಯ ಮೇಲೆ ನಿಂತಿದ್ದಾಳೆ. ಸರಿ. ನನ್ನವೆರಡನ್ನು ಮಾರಿದ್ದು ಭುಜಕ್ಕಾಗಿ ಅಲ್ಲ. ದಂಡ, ಕೋರ್ಟಿನ ಖರ್ಚು ಎಲ್ಲ ಸೇರಿ ಆರುನೂರ ಎಂಬತ್ತೈದು ಡಾಲರ್.