ಏನೂ ಕೆಟ್ಟಿಲ್ಲವಂತೆ

ಮನೆ, ಅಡುಗೆಮನೆಯ ಮೇಜು
ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಮ್ಮ? ಕೆಮ್ಮು ಪೂರ್ತಿ ಹೋಯಿತೇ? ಊರಿಗೆಲ್ಲ ಔಷಧಿ ಕೊಡುವವಳು, ನೀನು ಮಾತ್ರ ಕುಡಿಯುವುದಿಲ್ಲ ಎಂದು ಅಮ್ಮ ಗೊಣಗುತ್ತಿರುತ್ತಾಳೆ. ನನ್ನ ಮಂಡಿನೋವು ಇದ್ದಲ್ಲೇ ಇದೆ, ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು. ನಿನ್ನ ಪತ್ರ ಬಂದು ವಾರವಾಯಿತು. ಇಷ್ಟು ವರ್ಷ ಮಾಡಿದ ಔಷಧಿ ಅಂಗಡಿಯ ಕೆಲಸ ಬಿಟ್ಟು ಬಡಗಿಯೊಬ್ಬರ ಹತ್ತಿರ ಅ ಆ ಇ ಈಯಿಂದ ಕೆಲಸ ಕಲಿಯುತ್ತೇನೆ, ಆದರೆ ಅಪ್ಪ ಹೂಂ ಎನ್ನದೆ ರಾಜೀನಾಮೆ ಕೊಡುವುದಿಲ್ಲ ಎಂದು ಬರೆದಿದ್ದೀಯ. ಅಲ್ಲಿ ಏನಾಯಿತು ಎಂದು ಫೋನಿನಲ್ಲಿ ಎಷ್ಟು ಕೇಳಿದರೂ "ಏನೂ ಆಗಿಲ್ಲಪ್ಪ, ಎಲ್ಲಾ ಚೆನ್ನಾಗೇ ಇದೆ" ಎನ್ನುತ್ತೀಯ. ಚೆನ್ನಾಗಿದ್ದರೆ ಬಿಡುವುದೇಕೆ? ಜೀವನವಿಡೀ ಕರೆಂಟಿನ ಕೆಲಸ ಮಾಡಿದವನು ನಾನು. ನಿಂತಿದೆ ಎಂದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ನನ್ನ ಲೆಕ್ಕ. ಉತ್ತರ ಬರೆಯೋಣವೆಂದು ಕೂತಾಗಲೆಲ್ಲ ತಲೆ ಗಿರ್ರೆನ್ನುತ್ತದೆ. ಅದಕ್ಕೇ ಮೊದಲು ಅಮ್ಮನ ಸುದ್ದಿ ಹೇಳಿಬಿಡುತ್ತೇನೆ.

ಜಮೈಕಾದ ರೆಗೇ ಸಂಗೀತವೆಂದರೆ ಅವಳಿಗೆ ಹುಚ್ಚು, ನಿನಗೆ ಗೊತ್ತೇ ಇದೆ. ಲಾಂಡ್ರಿಯಲ್ಲಿ ದಿನವಿಡೀ ಬಟ್ಟೆ ಇಸ್ತ್ರಿ ಮಾಡುವಾಗ ಕಿವಿಯಲ್ಲಿ ಅದೇ ಹಾಡು, ಇಸ್ತ್ರಿಪೆಟ್ಟಿಗೆ ಓಡುವುದೂ ಅದೇ ತಾಳಕ್ಕೆ. ಇಷ್ಟು ವರ್ಷ ಕಿವಿಗೆ ಸಿಕ್ಕಿದ್ದು ನಿನ್ನೆ ಕೊನೆಗೂ ಕಣ್ಣಿಗೆ ಸಿಕ್ಕಿತು. ಆಟದ ಮೈದಾನದಲ್ಲಿ ಲೈವ್ ಕಾರ್ಯಕ್ರಮ! ವಾರದಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅಡುಗೆಗೆ ಎರಡೆರಡು ಸಲ ಉಪ್ಪು ಹಾಕಿದಳು, ನಾನು ತುಟಿ ಪಿಟಕ್ಕೆನ್ನದೆ ತಿಂದೆ. ಗೇಟು ತೆರೆದದ್ದೇ ತಡ, ನನ್ನ ಕೈ ಹಿಡಿದು ಎಳೆದುಕೊಂಡು ವೇದಿಕೆಯ ಮುಂದಕ್ಕೇ ಓಡಿದಳು. "ರೀ, ಗಿಟಾರಿನ ತಂತಿ ಕೂಡ ಕಾಣ್ತಿದೆ ರೀ!" ಎಂದು ಎಷ್ಟು ಸಲ ಹೇಳಿದಳೋ.

ಆ ಸಂಗೀತವೇ ನನಗೆ ಒಗಟು. ಒಂದು, ಎರಡು ಎಂದು ನಾನು ಎಣಿಸಿದರೆ ಗಿಟಾರಿನವನು ಆ ಎರಡರ ನಡುವೆ ಬಾರಿಸುತ್ತಾನೆ. ನಾನು ಚಪ್ಪಾಳೆ ತಟ್ಟಿದಾಗ ಪಕ್ಕದವರೆಲ್ಲ ಸುಮ್ಮನೆ, ಅವರು ತಟ್ಟಿದಾಗ ನಾನೊಬ್ಬ ಸುಮ್ಮನೆ. ಬೇಸ್ ಗಿಟಾರಿನ ಸದ್ದಿಗೆ ಅಂಗಿಯ ಗುಂಡಿಗಳೇ ಅದುರುತ್ತಿದ್ದವು. ಅಮ್ಮನಿಗೆ ಬಲು ಇಷ್ಟವಾದ ಹಾಡು ಶುರುವಾಯಿತು, ಜನ ಕುಣಿಯತೊಡಗಿದರು, ಅಷ್ಟರಲ್ಲಿ ಗಕ್ಕನೆ ಎಲ್ಲ ನಿಂತೇಹೋಯಿತು. ಹೋಯಿತಲ್ಲ ಕರೆಂಟು! ಮಂಡಿನೋವು ಮರೆತು ಜನರ ನಡುವೆ ನುಗ್ಗಿ, ಸೌಂಡಿನವನ ಮೇಜಿನ ಹತ್ತಿರ ಹೋಗಿ, ಯಾವ ವೈರು ಬಿಟ್ಟಿದೆ ತೋರಿಸಪ್ಪ ಎಂದೆ. ಅವನು ನಕ್ಕುಬಿಟ್ಟ. "ಯಜಮಾನ್ರೇ, ಏನೂ ಕೆಟ್ಟಿಲ್ಲ. ಹಾಡು ತುಂಬಾ ಚೆನ್ನಾಗಿ ಬರ್ತಿತ್ತು, ಅದಕ್ಕೇ ನಿಲ್ಲಿಸಿದ್ರು. ಈಗ ಮತ್ತೆ ಮೊದಲಿಂದ ಹಾಡ್ತಾರೆ. ರೆಗೇಲಿ ಹಾಗೆ ಮಾಡ್ತಾರೆ" ಎಂದ. ತಿರುಗಿ ನೋಡಿದರೆ ನಿನ್ನಮ್ಮ ಎರಡೂ ಕೈ ಮೇಲೆತ್ತಿ "ಮತ್ತೆ! ಮೊದಲಿಂದ!" ಎಂದು ಕಿರುಚುತ್ತಿದ್ದಾಳೆ. ಮದುವೆಯಾದಾಗಿನಿಂದ ಅಷ್ಟು ಜೋರಾಗಿ ನನ್ನನ್ನೂ ಬೈದವಳಲ್ಲ. ಹಾಡು ಮೊದಲಿನಿಂದ ಬಂತು, ಮತ್ತೆ ನಿಂತಿತು, ಮತ್ತೆ ಬಂತು. ಯಾರಿಗೂ ಬೇಸರವಿಲ್ಲ.

ಇವತ್ತು ಅವಳ ಗಂಟಲು ಕಟ್ಟಿದೆ, ಪಿಸುಮಾತಷ್ಟೇ ಹೊರಡುತ್ತದೆ. ಆದರೂ ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ಆಗಲೇ ಟಿಕೆಟ್ ತೆಗೆದಾಗಿದೆ, ಇಬ್ಬರಿಗೂ. ನೀವು ಬರುತ್ತೀರಾ ಎಂದು ಕೇಳುವ ಗೋಜಿಗೂ ಹೋಗಿಲ್ಲ. ಚೆನ್ನಾಗಿ ನಡೆಯುತ್ತಿರುವುದನ್ನು ಯಾರಾದರೂ ನಿಲ್ಲಿಸುತ್ತಾರೇನೇ ಎಂದು ಬೆಳಿಗ್ಗೆ ಕೇಳಿದೆ. "ಅಲ್ಲಿ ಹಾಡು ನಿಂತು ಮತ್ತೆ ಬಂದಾಗ ನಿಮಗೇನೂ ಅನ್ನಿಸ್ಲೇ ಇಲ್ವಾ?" ಎಂದಳು. ಅನ್ನಿಸಿತ್ತು ಗುಬ್ಬಿ. ಮೂರನೆಯ ಸಲ ಶುರುವಾದಾಗ ನನಗೂ ಖುಷಿಯಾಯಿತು. ಯಾಕೆಂದು ಕೇಳಬೇಡ, ಬೆಳಗಿನಿಂದ ಅದನ್ನೇ ಯೋಚಿಸುತ್ತಿದ್ದೇನೆ, ತಲೆಬುಡ ತಿಳಿಯುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಸುಖವಾಗಿರು. ಗಂಟಲಿಲ್ಲದ ಅಮ್ಮನ ಆಶೀರ್ವಾದವೂ ಇದರಲ್ಲೇ ಸೇರಿದೆ.

ನಿನ್ನ
ಅಪ್ಪ

ಮರೆತ ಮಾತು: ಅಮ್ಮ ಪತ್ರ ಡಬ್ಬಿಗೆ ಹಾಕಲು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ರಾಜೀನಾಮೆ ಕೊಡು. ಅಲ್ಲಿ ಏನಾಯಿತು ಎಂದು ಇನ್ನು ಕೇಳುವುದಿಲ್ಲ. ನನಗೆ ಇನ್ನೂ ಅರ್ಥವಾಗಿಲ್ಲಮ್ಮ. ಅರ್ಥವಾಗಲಿ ಎಂದು ನೀನು ಕಾಯುತ್ತ ಕೂರಬೇಡ.